ಹಳ್ಳದ ಇಳಿಜಾರಿನಾಗ ಬ್ರೇಕು

ಎಂಬತ್ತರ ಆಸುಪಾಸಿನ ಮಾತು. ಆಗ ಮಸರಕಲ್ಲಿನಾಗ ನಂದೊಂದೇ ದೊಡ್ಡ ಫಟಫಟಿ. ರಾಯಚೂರಿನ ಕಂತ್ರಾಟದಾರನ ಕೈಯಾಗ ತಿರುಗಿ ಸವೆದ ಹಳೇ ಗಾಡಿ, ಆದ್ರ ತೂಕ ಅಂದ್ರ ತೂಕ. ಸ್ಟ್ಯಾಂಡ್ ಹಾಕಬೇಕಾದ್ರ ಹಲ್ಲು ಕಚ್ಚಬೇಕು. ಕುರಿ ಕಾಯೋ ಮನಿತನದಾಗ ಮೊದಲ ಪಗಾರ ತಂದವ ನಾನು, ದೇವದುರ್ಗದಾಗ ಸಾಲಿ ಮಾಸ್ತರ. ನನ್ನ ಸಿಟ್ಟು ಊರಿಗೇ ಗೊತ್ತಿತ್ತು. "ಗಾಡಿ ಸಪ್ಪಳಕಿಂತ ಮೊದಲ ಇವನ ಬಾಯಿ ಕೇಳ್ತದ" ಅಂತ ಅಪ್ಪ ಚಾಷ್ಟಿ ಮಾಡ್ತಿದ್ದ.

ಆ ಅಪ್ಪ ಒಂದ್ ಸಲಾನೂ ನನ್ನ ಗಾಡಿ ಹತ್ತಿರಲಿಲ್ಲ. "ಎತ್ತಿಗಾದ್ರ ನಿಲ್ಲು ಅಂದ್ರ ತಿಳೀತದ. ಇದಕ್ಕ ಕಿವಿ ಎಲ್ಲವ?" ಅಂತಿದ್ದ.

ಆಗ ಹೆಂಡ್ತಿ ಬಸುರಿ. ಹಿಂದಿನ ವರ್ಷ ಮೊದಲ ಕೂಸು ಉಳಿದಿರಲಿಲ್ಲ. ಅದಾದ ಮ್ಯಾಲ ನಮ್ಮನಿಯಾಗ ಯಾರೂ ಬಾಯಿ ತುಂಬ ನಕ್ಕಿದ್ದು ನನಗ ನೆನಪಿಲ್ಲ. ಈ ಸಲ ತಿಂಗಳಿಗೊಮ್ಮೆ ಕರಕೊಂಡ್ ಬರ್ರಿ ಅಂದಿದ್ರು ರಾಯಚೂರಿನ ಡಾಕ್ಟರಮ್ಮ. ಬಸ್ಸಿನಾಗ ನಿಂತು ನುಗ್ಗಾಡಿ ಬರೋದಕಿಂತ ನಿಮ್ಮ ಗಾಡೀನೇ ವಾಸಿ, ಮೆಲ್ಲಗ ತರ್ರಿ, ಆದ್ರ ಒಂದ್ ಧಕ್ಕಾ ಸುದ್ದಾ ಬಡೀಬಾರದು ಅಂತ ಬೆರಳು ತೋರಿಸಿ ಹೇಳಿದ್ರು. ಏಳನೇ ತಿಂಗಳಿಗಿ ಆಕಿನ್ನ ತವರಮನಿ ಕಲ್ಲೂರಿಗಿ ಬಿಡಬೇಕು. ಅಲ್ಲಿತನ ತಾಯಿ-ಕೂಸು ಇಬ್ಬರ ಜೀವಾನೂ ನನ್ನ ಕಾಲಿನ ಕೆಳಗಿದ್ದ ಬ್ರೇಕಿನ ಮ್ಯಾಲ ನಿಂತಿತ್ತು.

ಅದೇ ಬ್ರೇಕು ಕೈಕೊಟ್ಟಿತು ನೋಡ್ರಿ.

ಮೊದಲಿಗೆ ಬ್ರೇಕ್ ಒತ್ತಿದ್ರ ಪೆಡಲು ತಿರುಗಿ ನನ್ನ ಕಾಲಿಗೇ ಒದೀತಿತ್ತು. ಜೋರ ಹೋದ್ರ ಲಗು ಲಗು, ಮೆಲ್ಲಗ ಹೋದ್ರ ತಡದು ತಡದು. ಗಾಲಿ ಒಂದ್ ಸುತ್ತು ತಿರುಗಿದ್ರ ಒಂದ್ ಒದೆತ. ರಾಯಚೂರಿನ ಮಿಸ್ತ್ರಿ ಗಾಲಿ ಬಿಚ್ಚಿ, ಒಳಗಿನ ಬ್ರೇಕ್ ಡ್ರಮ್ಮಿಗಿ ಸುಣ್ಣದ ಕಡ್ಡಿ ಸವರಿ, ತಿರುವಿ ನೋಡಿದ. ಸುಣ್ಣ ಒಂದೇ ಮಗ್ಗಲಿಗಿ ಅಳಿಸಿತ್ತು. "ಡ್ರಮ್ಮು ದುಂಡಗಿಲ್ಲ ಮಾಸ್ತರ್. ಒಂದ್ ಕಡಿ ಹಿಡೀತದ, ಒಂದ್ ಕಡಿ ಬಿಡ್ತದ" ಅಂದ. ಲೇಥಿಗಿ ಹಾಕಿ ಕೆರೆಸಿ, ಎರಡೂ ಗಾಲಿಗಿ ಡ್ರಮ್ಮಿಗಿ ಒತ್ತಿ ಹಿಡಿಯೋ ಹೊಸಾ ಲೈನರ್ ಪಟ್ಟಿ ಕೂಡಿಸಿದ. ಒದೆತ ನಿಂತಿತು. ನಾನೂ ನಿರಾಳ ಆದೆ.

ಮುಂದಿನ ಸಲ, ಆರನೇ ತಿಂಗಳಿಗಿ, ಆಕಿನ್ನ ಹಿಂದ ಕೂಡಿಸ್ಕೊಂಡು ಡಾಕ್ಟರಮ್ಮನ ಕಡಿ ಹೊಂಟೆ. ಊರ ಹೊರಗಿನ ಹಳ್ಳಕ್ಕ ರಸ್ತಾ ಒಮ್ಮೆಗೇ ಇಳೀತದ. ಕೆಳಗ ಜೋಳದ ಸೊಪ್ಪಿ ಹೇರಿದ ಬಂಡಿಯೊಂದು ಅಡ್ಡ ನಿಂತಿತ್ತು. ಬ್ರೇಕ್ ಒತ್ತಿದೆ. ಏನೂ ಇಲ್ಲ! ಪೆಡಲು ಗಟ್ಟಿ ಇತ್ತು, ಗಾಲಿ ಮಾತ್ರ ಜಾರಾಕತ್ತಿತ್ತು. ಮುಂದಿನದು ಹಿಡದೆ, ಅದೂ ಜಾರಿತು. ಗೇರು ಇಳಿಸಿದೆ, ಇನ್ನೊಂದು ಇಳಿಸಿದೆ, ಎಂಜಿನ್ನು ಒದರಿತು. ಆಕಿ ಹೊಟ್ಟಿ ನನ್ನ ಬೆನ್ನಿಗಿ ಒತ್ತಿದ್ದು ತಿಳೀತು. ಬಂಡಿಗಿ ಇನ್ನೊಂದ್ ಮೊಳ ಇದ್ದಾಗ ಗಾಡಿ ನಿಂತಿತು.

"ಏನಾತು ರೀ?"

"ಏನಿಲ್ಲ."

"ಏನಿಲ್ಲಂದ್ರ ನಿಮ್ಮ ಅಂಗಿ ಯಾಕ ಹಿಂಗ ತೊಯ್ದದ?"

ರಾಯಚೂರಿನಾಗ ಡಾಕ್ಟರಮ್ಮ ಎಲ್ಲಾ ಸರಿ ಅದ ಅಂದ ಮ್ಯಾಲನೇ ನನಗ ಉಸಿರು ಬಂತು. ಆಮ್ಯಾಲ ಮಿಸ್ತ್ರಿ ಅಂಗಡಿ ಮುಂದ ನಿಂತು ಬಾಯಿಗಿ ಬಂದಂಗ ಬೈದೆ. ಅವ ಗಾಲಿ ಬಿಚ್ಚಿದ. ಹೊಸಾ ಲೈನರ್ ಎಣ್ಣ್ಯಾಗ ಮಿಂದು ಹೊಳೀತಿತ್ತು.

"ಗ್ರೀಸು ಕಂಡಾಪಟ್ಟಿ ತುಂಬೀದಿ ನೀನು!"

"ಖುದಾ ಕಸಮ್ ಮಾಸ್ತರ್, ಬೆರಳಿಗಿ ಹತ್ತೋವಷ್ಟೇ ಹಚ್ಚೀನಿ" ಅಂದ. ಪೆಟ್ರೋಲಿನಾಗ ತೊಳದು, ಉಜ್ಜುಕಾಗದ ತಿಕ್ಕಿ, ಗ್ರೀಸು ತಡಿಯೋ ಸೀಲ್ ಬದಲಿ ಮಾಡಿ ಕೊಟ್ಟ. ವಾಪಸ್ ಬರೋವಾಗ ಇಳಿಜಾರಿನಾಗ ಗಾಡಿ ಒತ್ತಿದಲ್ಲೇ ನಿಂತಿತು. ಆದ್ರೂ ನನಗ ಅವನ ಮ್ಯಾಲ ನಂಬಿಕಿ ಹುಟ್ಟಲಿಲ್ಲ.

ಏಳನೇ ತಿಂಗಳು ಬಂತು. ನಾಳಿ ಮುಂಜಾನಿ ಮಾನ್ವಿ ದಾರಿ ಹಿಡದು ಕಲ್ಲೂರಿಗಿ ಹೋಗೋದು ಅಂತ ನಿಕ್ಕಿ ಆತು. ಹಿಂದಿನ ದಿನ ಮಧ್ಯಾಹ್ನ ಸುಮ್ಮನ ಓಣ್ಯಾಗ ಗಾಡಿ ಹೊಡದು ನೋಡಿದೆ. ಮತ್ತ ಜಾರಿತು! ತಲಿ ಕೆಟ್ಟು ಹೋತು. ಅಂಗಳದಾಗ ಕೂತು ನಾನೇ ಗಾಲಿ ಬಿಚ್ಚಿದೆ. ಲೈನರ್ ಒದ್ದಿ. ಬೆರಳಿಗಿ ಹಚ್ಚಿಕೊಂಡು ಮೂಸಿದೆ. ಅದು ಗ್ರೀಸಿನ ವಾಸನಿ ಅಲ್ಲ. ಔಡಲೆಣ್ಣಿ! ಸಣ್ಣವಿದ್ದಾಗ ಬಂಡಿ ಅಚ್ಚಿನ ಹತ್ರ ಆಡಿ ಬೈಸ್ಕೊಂಡಿದ್ದ ವಾಸನಿ ಅದು, ನನಗ ತಪ್ಪೋದಿಲ್ಲ. ಮುಂದಿನ ಗಾಲಿ ಬಿಚ್ಚಿದೆ, ಅದರಾಗೂ ಅದೇ. ಎದ್ದು ದನದ ಕೊಟಗಿಗಿ ಹೋದೆ. ಬಂಡಿಗಿ ಹಾಕೋ ಎಣ್ಣಿಯ ಬಿದಿರಿನ ಗೊಟ್ಟ ಗ್ವಾಡಿಗಿ ತೂಗಾಕತ್ತಿತ್ತು. ಬಂಡಿ ಮುರದು ಮೂಲಿ ಸೇರಿ ಭಾಳ ದಿನ ಆಗಿತ್ತು. ಗೊಟ್ಟದ ಬಾಯಿ ಮಾತ್ರ ಹಸಿ ಇತ್ತು.

"ಯಪ್ಪಾ! ಫಟಫಟಿಗಿ ಎಣ್ಣಿ ಹಾಕೀಯೇನು?"

ಅಪ್ಪ ಕಟ್ಟಿ ಮ್ಯಾಲ ಕಂಬಳಿ ನೂಲು ಸುತ್ತಾಕತ್ತಿದ್ದ. ತಲಿ ಎತ್ತದನೇ, "ಹೂಂ, ಎರಡೂ ಗಾಲಿ ಅಚ್ಚಿಗಿ. ನೀ ಗಾಲಿ ರಿಪೇರಿ ಮಾಡಿಸಿಕೊಂಡ್ ಬಂದಾಗಿಂದ, ಆಕಿ ಹೊರಡೋ ಹಿಂದಿನ ದಿನ ತಪ್ಪದನೇ ಹಾಕ್ತೀನಿ" ಅಂದ.

ನನಗ ಮೈಯೆಲ್ಲಾ ಉರೀತು. ಬಾಯಿ ತೆಗದೆ. ಅಷ್ಟರಾಗ ಅವನೇ ಅಂದ: "ಬಸುರಿ ಕೂಡೋ ಗಾಡಿ ಕೀಲು ಒಣಗಿರಬಾರದು. ನೀ ಹೊಟ್ಟ್ಯಾಗಿದ್ದಾಗ ನಿಮ್ಮವ್ವನ್ನ ಕರಕೊಂಡ್ ಹೋಗೋವಾಗ ಹಾಕಿದ್ದೆ. ಹ್ವಾದ ವರ್ಷ ಈ ಹುಡುಗಿ ನಮ್ಮ ಬಂಡ್ಯಾಗ ಹೋದ್ಳು ನೋಡು, ಆವತ್ತು ಮರತೆ. ದಾರಿ ತುಂಬ ಗಾಲಿ ಕಿರುಗುಟ್ಟಿತು ಲೇ. ಆ ಸಪ್ಪಳ ನನ್ನ ಕಿವ್ಯಾಗಿಂದ ಇನ್ನಾ ಹೋಗಿಲ್ಲ."

ತೆಗದ ಬಾಯಿ ಹಂಗೇ ಮುಚ್ಚಿದೆ. ಒಂದ್ ವರ್ಷದಿಂದ ಅವ ಇದನ್ನ ಯಾರ ಮುಂದೂ ಆಡಿರಲಿಲ್ಲ. ಬಾಗಲದಾಗ ನಿಂತಿದ್ದ ಹೆಂಡ್ತಿ ಸೆರಗು ಬಾಯಿಗಿ ಒತ್ತಿಕೊಂಡ್ಳು. "ಕೂಸು ಹೋಗಿದ್ದು ಅದಕ್ಕಲ್ಲ ಮಾವಾ, ಡಾಕ್ಟರಮ್ಮ ಹೇಳ್ಯಾರ" ಅಂದ್ಳು. ಅಪ್ಪ ನೂಲು ಸುತ್ತೋದು ಬಿಡಲಿಲ್ಲ.

ಆದ್ರ ಹೇಳದನೇ ವಿಧಿ ಇರಲಿಲ್ಲ. ಅವನ ಪಕ್ಕ ಕೂತು ಲೈನರ್ ಕೈಗಿ ಕೊಟ್ಟೆ. "ಬಂಡಿ ಉರುಳಾಕ ಎಣ್ಣಿ ಬೇಕು ಯಪ್ಪಾ. ಇದು ನಿಲ್ಲಾಕ ಒಣಗಿರಬೇಕು" ಅಂದೆ. ಹಳ್ಳದಾಗ ಆದದ್ದೂ ಹೇಳಿದೆ. ಅಪ್ಪ ಲೈನರ್ ಮೂಸಿ ನೋಡಿ, ಧೋತರದ ಚುಂಗಿಲೆ ಅದನ್ನ ಒರೆಸಾಕತ್ತಿದ.

ಪೆಟ್ರೋಲಿನಾಗ ತೊಳದೆ, ಉಜ್ಜಿದೆ, ಬಿಸಿಲಿಗಿಟ್ಟು ಒಣಗಿಸಿ ಕೂಡಿಸಿದೆ. ಸಂಜಿ ಆಗಿತ್ತು. ನೋಡಿಕೊಂಡು ಬರ್ತೀನಿ ಅಂತ ಕಿಕ್ ಹೊಡದೆ. ಅಪ್ಪ ಬಂದು ಹ್ಯಾಂಡಲ್ ಹಿಡದ.

"ಅದೇ ಇಳಿಜಾರಿಗಿ ನಡಿ. ನಾ ಕೂಡ್ತೀನಿ ಹಿಂದ."

"ಬ್ಯಾಡ ಯಪ್ಪಾ, ಒಬ್ಬನೇ ನೋಡ್ತೀನಿ."

"ಹಿಂದ ತೂಕ ಇಲ್ಲದ ನಿಂತ್ರ ಅದೇನು ನಿಂತಂಗಲೇ? ನಡಿ ಅಂದ್ರ ನಡಿ."

ಧೋತರ ಎತ್ತಿ ಕಟ್ಟಿ, ಎತ್ತಿನ ಮ್ಯಾಲ ಕೂತಂಗ ಎರಡೂ ಕಡಿ ಕಾಲು ಹಾಕಿ ಕೂತ. ಹಳ್ಳದ ನೆತ್ತಿಗಿ ಬಂದಾಗ ಅವನ ಬೆರಳು ನನ್ನ ಹೆಗಲಾಗ ನಟ್ಟಿದ್ವು. "ಬಿಡು" ಅಂದ. ಬಿಟ್ಟೆ. ಗಾಡಿ ತೂಕಕ್ಕ ಇಳಿಜಾರು ತಾನೇ ಎಳಕೊಂತು. ಅರ್ಧಾ ಇಳದ ಮ್ಯಾಲ ಒತ್ತಿದೆ. ಪೆಡಲು ಒದೀಲಿಲ್ಲ, ಗಾಲಿ ಜಾರಲಿಲ್ಲ. ಧಕ್ಕಾ ಇಲ್ಲದನೇ ಗಾಡಿ ನಿಂತಿತು. ಅಪ್ಪ ಇನ್ನೊಮ್ಮೆ ಅಂದ. ಮತ್ತೊಮ್ಮೆ ಅಂದ. ಕತ್ತಲಾಗೋತನ ಇಳಿಸಿದ್ದೇ ಇಳಿಸಿದ್ದು.

ಮರುದಿನ ಮುಂಜಾನಿ ನಾವು ಹೊರಡಬೇಕಂದ್ರ ಅಪ್ಪ ಮನಿಯಾಗಿಲ್ಲ. ಹಳ್ಳಕ್ಕ ಬಂದು ನೋಡಿದ್ರ ಕುರಿ ಕಾಯೋ ಕೋಲು ಅಡ್ಡ ಹಿಡದು ರಸ್ತಾದ ನಡುವ ನಿಂತಾನ. ಎರಡು ಬಂಡಿ, ಒಂದ್ ಕುರಿ ಹಿಂಡು ಹಿಂದ ತಡದು ನಿಲ್ಲಿಸ್ಯಾನ. ನಾವು ದಾಟೋವಾಗ ನಮ್ಮ ಮಾರಿ ನೋಡಲಿಲ್ಲ, ಗಾಲಿ ಕಡಿನೇ ಕಿವಿಗೊಟ್ಟು ನಿಂತಿದ್ದ.

ಕಲ್ಲೂರಿನಾಗ ಮಗಳು ಹುಟ್ಟಿದ್ಳು. ಸುದ್ದಿ ಬಂದ ದಿನ ನಾ ಕೇಳೋದರೊಳಗ ಅಪ್ಪ ಧೋತರ ಎತ್ತಿ ಕಟ್ಟಿ ಫಟಫಟಿ ಹತ್ರ ಬಂದು ನಿಂತಿದ್ದ.