ಟೀಚರ್ ಮನೆಯ ಊಟ, ಅತ್ತೆಯ ವ್ರತ

ನಮ್ಮ ಮೇಲಿನ ಮನೆಯಲ್ಲಿ ರಷ್ಯಾದಿಂದ ಬಂದು ನೆಲೆಸಿದ ಹೆಂಗಸೊಬ್ಬರಿದ್ದಾರೆ. ಅಲ್ಲಿದ್ದಾಗ ಶಾಲೆಯಲ್ಲಿ ಸಾಹಿತ್ಯ ಕಲಿಸುತ್ತಿದ್ದರಂತೆ. ನಮ್ಮ ಮನೆಯಲ್ಲಿ ಎಲ್ಲರೂ ಅವರನ್ನು ಟೀಚರ್ ಅಂತಲೇ ಕರೆಯುತ್ತೇವೆ. ನಾನು ಜರ್ಮನಿಯ ಸೇಂಟ್ ಲಿಯೋನ್-ರೋಟ್‌ನ ಸಾಫ್ಟ್‌ವೇರ್ ಆಫೀಸಿಗೆ ಸೇರಿ ಈ ಮನೆ ಹಿಡಿದ ಹೊಸತರಲ್ಲಿ, ಮೆಟ್ಟಿಲು ಒರೆಸುವ ಸರದಿ ನಮ್ಮದು ಅಂತ ತಿಳಿಸಲು ಅವರು ಕೆಳಗೆ ಬಂದಿದ್ದರು. ಬಾಗಿಲಲ್ಲೇ ನಿಂತು, ನಾನು ಹುರಿಯುತ್ತಿದ್ದ ಕೊತ್ತಂಬರಿಯ ಪರಿಮಳ ಹಿಡಿದು, ಒಲೆಯ ಮೇಲೆ ಏನಿದೆ ಎಂದು ಕೇಳಿದರು. ಗುರುತಾದದ್ದು ಹಾಗೆ.

ತಿಂಗಳಿಗೊಂದು ಶನಿವಾರ ಟೀಚರ್ ತಮ್ಮ ಅಡಿಗೆಮನೆಯಲ್ಲಿ ಐದಾರು ಜನರನ್ನು ಕೂರಿಸಿಕೊಂಡು ರಷ್ಯನ್ ಕಾದಂಬರಿಗಳ ಜರ್ಮನ್ ಅನುವಾದ ಓದಿಸುತ್ತಾರೆ. ಓದುವ ಪುಟದಲ್ಲಿ ಯಾವ ಅಡಿಗೆ ಬರುತ್ತದೋ ಅಂದು ಅದನ್ನೇ ಮಾಡಿ ಬಡಿಸುತ್ತಾರೆ. ಮಾಂಸದ ಪುಟ ಬಂದರೆ ನನಗೆ ಮಾತ್ರ ಬೇಯಿಸಿದ ಆಲೂಗಡ್ಡೆ. "ಪಾತ್ರದ ಮಾತು ಆಮೇಲೆ ನೋಡಿ, ಅದು ಊಟಕ್ಕೆ ಹೇಗೆ ಕೂರುತ್ತದೆ ಅನ್ನುವುದನ್ನು ಮೊದಲು ನೋಡಿ" ಎಂದು ಅವರು ಯಾವಾಗಲೂ ಹೇಳುವುದು. ಮಧ್ಯಾಹ್ನದ ಊಟಕ್ಕೆ ಏನು ಮಾಡಿಸುವುದು ಎಂಬ ಯೋಚನೆಯಲ್ಲೇ ಬೆಳಗು ಕಳೆದು, ಉಂಡು ಮಲಗಿ ಜೀವನವನ್ನೇ ಮುಗಿಸುವ ಜಮೀನ್ದಾರರು ಆ ಪುಸ್ತಕಗಳಲ್ಲಿದ್ದರು. ಸಕ್ಕರೆಯಿಲ್ಲದ ಚಹಾ ಕುಡಿದು, ಹೊಟ್ಟೆ ಖಾಲಿಯಾದಷ್ಟೂ ತಲೆಯಲ್ಲಿ ಲೋಕವನ್ನು ತಿದ್ದುವ ವಿಚಾರ ತುಂಬಿಕೊಳ್ಳುವ ಬಡ ವಿದ್ಯಾರ್ಥಿಗಳಿದ್ದರು. ಮಾಂಸ ಬಿಟ್ಟು, ಬೆಣ್ಣೆ ಬಿಟ್ಟು, ಅದರ ಹೆಮ್ಮೆಯಲ್ಲಿ ಹೆಂಡತಿ ಮಕ್ಕಳನ್ನು ಗೋಳು ಹೊಯ್ದುಕೊಳ್ಳುವವರೂ ಇದ್ದರು. "ತಿನ್ನುತ್ತಲೇ ಇರುವವನಿಗೂ ಹಠ ಹಿಡಿದು ಊಟ ಬಿಡುವವನಿಗೂ ವ್ಯತ್ಯಾಸವಿಲ್ಲ. ಮೇಜಿನ ಆಚೆ ಕೂತವರು ಇಬ್ಬರಿಗೂ ಕಾಣುವುದಿಲ್ಲ" ಎನ್ನುತ್ತಿದ್ದರು ಟೀಚರ್. ಅತಿಥಿಸತ್ಕಾರಕ್ಕೆ ಅವರ ಭಾಷೆಯಲ್ಲಿರುವ ಪದ ಬ್ರೆಡ್ಡು ಮತ್ತು ಉಪ್ಪು ಎರಡೂ ಸೇರಿ ಆದದ್ದಂತೆ. ಬಡಿಸಿದ್ದನ್ನು ಬೇಡವೆಂದರೆ ಬಡಿಸಿದವರನ್ನೇ ಬೇಡವೆಂದ ಹಾಗೆ ಎಂಬುದು ಅವರ ಸಿದ್ಧಾಂತ. ಕೇಳುವಾಗ ನಾನು ತಲೆಯಾಡಿಸುತ್ತಿದ್ದೆ. ಉಡುಪಿಯವಳು ನಾನು, ಊಟದ ಬಗ್ಗೆ ಯಾರು ಏನು ಹೇಳಿದರೂ ಸರಿಯೆನಿಸುತ್ತದೆ.

ಕಳೆದ ಜುಲೈಯಲ್ಲಿ, ಇಲ್ಲಿಯ ಬೇಸಿಗೆಯಲ್ಲಿ, ಅತ್ತೆ ಊರಿನಿಂದ ಬಂದರು. ಅವರು ಮಡಿಯವರು. ತಾವೇ ಬೇಯಿಸಿಕೊಂಡದ್ದನ್ನು ಬಿಟ್ಟು ಬೇರೆಯವರು ಮಾಡಿದ್ದನ್ನು ಮುಟ್ಟುವುದಿಲ್ಲ. ವಿಮಾನದಲ್ಲಿ ಅವಲಕ್ಕಿ ತಿಂದು ಬಂದವರು. ಸಾಲದ್ದಕ್ಕೆ ಚಾತುರ್ಮಾಸ್ಯ ಬೇರೆ ಶುರುವಾಗಿತ್ತು. ಮೊದಲ ತಿಂಗಳು ಶಾಕವ್ರತ: ತರಕಾರಿ ಇಲ್ಲ, ಹಣ್ಣಿಲ್ಲ, ಮೆಣಸಿನಕಾಯಿ, ಹುಣಸೆಹಣ್ಣು ಇಲ್ಲ. ಹೆಸರುಬೇಳೆ, ಕಾಳುಮೆಣಸು, ಮೊಸರು ಇಷ್ಟರಲ್ಲೇ ಅವರ ಊಟ. ಅವರು ಬಂದ ಸುದ್ದಿ ಕೇಳಿ ಟೀಚರ್ ಮೆಟ್ಟಿಲಲ್ಲಿ ನನ್ನನ್ನು ತಡೆದು, "ಈ ಶನಿವಾರ ಕರೆದುಕೊಂಡು ಬಾ. ಏನು ತಿನ್ನುತ್ತಾರೆ ಹೇಳು, ಅವರಿಗಾಗಿಯೇ ಮಾಡುತ್ತೇನೆ" ಎಂದರು. ಇದೆಲ್ಲವನ್ನೂ ಜರ್ಮನ್‌ನಲ್ಲಿ ಹೇಗೆ ಹೇಳುವುದು? ನಿಮ್ಮ ಕೈಯಡಿಗೆ ಆಗುವುದಿಲ್ಲ ಎಂದು ಯಾವ ಬಾಯಲ್ಲಿ ಹೇಳುವುದು? ಮಾಂಸ ಮೊಟ್ಟೆ ಇಲ್ಲ, ಈರುಳ್ಳಿ ಬೆಳ್ಳುಳ್ಳಿ ಇಲ್ಲ ಎಂದಷ್ಟೇ ಹೇಳಿ ಮೆಟ್ಟಿಲಿಳಿದೆ.

ಅತ್ತೆಗೆ ಹೇಳಿದಾಗ ಅವರು ಬರುವುದಿಲ್ಲ ಎನ್ನಲಿಲ್ಲ. "ಕರೆದ ಮೇಲೆ ಹೋಗದೆ ಇರ್ಲಿಕ್ಕೆ ಆಗ್ತದಾ? ಕೂತು ಬರುವ" ಎಂದರು. ಕೂತು ಬರುವ ಎಂದದ್ದರ ಅರ್ಥ ನನಗೆ ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಇದ್ದೆ.

ಶನಿವಾರ ಗಂಡ ಕೆಲಸದ ಮೇಲೆ ಡ್ಯೂಸೆಲ್ಡಾರ್ಫ್‌ಗೆ ಹೋಗಿದ್ದರು. ಅತ್ತೆ, ನಾನು, ಒಂಬತ್ತನೇ ಕ್ಲಾಸಿನ ಮಗಳು ಮೂವರೂ ಮೇಲೆ ಹೋದೆವು. ಓದಿನ ಗುಂಪಿನವರು ಆಗಲೇ ಬಂದಿದ್ದರು, ಟೀಚರ್ ಕಸೂತಿಯ ಮೇಜುಬಟ್ಟೆ ಹಾಸಿದ್ದರು. ಬೀಟ್‌ರೂಟ್ ಸೂಪ್, ಆಲೂಗಡ್ಡೆ ತುಂಬಿದ ಕಡುಬಿನಂಥದ್ದು, ಅಣಬೆಯ ಪಲ್ಯ, ಚೆರಿಹಣ್ಣಿನ ಜಾಮ್. ಈರುಳ್ಳಿಯಿಲ್ಲದೆ ಆ ಸೂಪ್ ಮಾಡಿದ್ದು ತಮ್ಮ ಜೀವನದಲ್ಲೇ ಮೊದಲು ಎಂದು ಎಲ್ಲರಿಗೂ ಹೇಳಿದರು. ಅತ್ತೆಯನ್ನು ಕೈಹಿಡಿದು ಮೇಜಿನ ತಲೆಯಲ್ಲಿ ಕೂರಿಸಿ ಮೊದಲ ಬಟ್ಟಲು ಅವರ ಮುಂದಿಟ್ಟರು.

ಅತ್ತೆ ಕೈಮುಗಿದು ನನ್ನ ಕಡೆ ತಿರುಗಿದರು. "ನನಗೆ ಎಂತ ಬೇಡ ಅಂತ ಹೇಳು. ಅವರು ಬೇಜಾರು ಮಾಡ್ಲಿಕ್ಕಿಲ್ಲ."

ಎಲ್ಲರ ಚಮಚಗಳೂ ಅತ್ತೆಯ ಚಮಚಕ್ಕಾಗಿ ಕಾಯುತ್ತಿದ್ದವು. ನಾನು ಹೊಟ್ಟೆಯ ಮೇಲೆ ಕೈಯಿಟ್ಟು ಜರ್ಮನ್‌ನಲ್ಲಿ, "ಬೆಳಿಗ್ಗೆಯಿಂದ ಅವರ ಹೊಟ್ಟೆ ಸರಿಯಿಲ್ಲ" ಎಂದೆ.

ಅದೇ ಎಡವಟ್ಟಾಯಿತು. ಟೀಚರ್ ಅಯ್ಯೋ ಎಂದು ಎದ್ದು, ಹೊಟ್ಟೆಗೆ ಹಿತ ಎಂದು ಅಕ್ಕಿ ಗಂಜಿಗೆ ನೀರಿಟ್ಟರು. ಸೋಂಪಿನ ಚಹಾ ಮಾಡಿ ಅತ್ತೆಯ ತುಟಿಯ ಹತ್ತಿರವೇ ಹಿಡಿದರು. ಅತ್ತೆ ತಲೆ ಹಿಂದಕ್ಕೆ ಸರಿಸಿ ಸೆರಗು ಬಾಯಿಗೆ ತಂದುಕೊಂಡರು. ಎದುರಿಗಿದ್ದ ಗಡ್ಡದ ಜರ್ಮನ್ ಮುದುಕರೊಬ್ಬರು, "ನಾವು ವಿಷ ಹಾಕಿದ್ದೇವೆ ಅಂದುಕೊಂಡರೇನೋ" ಎಂದು ನಕ್ಕರು. ಬೇರೆ ಯಾರೂ ನಗಲಿಲ್ಲ.

"ಎಂತ ಹೇಳಿದ್ದು ನೀನು? ನನಗೆ ಹೊಟ್ಟೆನೋವು ಅಂತಲಾ?" ಅತ್ತೆ ಕೇಳಿದರು. "ನನಗೆಂತ ಆಗ್ಲಿಲ್ಲ. ಇದ್ದದ್ದನ್ನು ಹೇಳ್ಲಿಕ್ಕೆ ಎಂತ ನಾಚಿಕೆ?"

ನಾನು ಬಾಯಿ ತೆರೆಯುವ ಮೊದಲೇ ಮಗಳು ಜರ್ಮನ್‌ನಲ್ಲಿ ಹೇಳಿಬಿಟ್ಟಳು. "ಅಜ್ಜಿಗೆ ಹುಷಾರಿಲ್ಲದ್ದೇನೂ ಅಲ್ಲ. ಅವರು ಬೇರೆಯವರು ಮಾಡಿದ್ದನ್ನು ತಿನ್ನುವುದಿಲ್ಲ, ಅಷ್ಟೇ. ನನ್ನ ಅಮ್ಮ ಮಾಡಿದ್ದನ್ನೂ ತಿನ್ನುವುದಿಲ್ಲ."

ಟೀಚರ್ ಚಹಾದ ಲೋಟವನ್ನು ಮೇಜಿನ ಮೇಲಿಟ್ಟರು. ತಮ್ಮ ಎರಡೂ ಅಂಗೈ ನೋಡಿಕೊಂಡರು. ಬೀಟ್‌ರೂಟಿನ ಬಣ್ಣ ಇನ್ನೂ ಹೋಗಿರಲಿಲ್ಲ. ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ನಾನು ವ್ರತ, ಉಪವಾಸ ಎಂದು ಏನೇನೋ ಜೋಡಿಸಿ ಹೇಳತೊಡಗಿದೆ.

"ಉಪವಾಸ ನನಗೂ ಗೊತ್ತು," ಎಂದರು ಅವರು. "ನನ್ನ ಅಜ್ಜಿ ಈಸ್ಟರಿಗೆ ಮುಂಚೆ ವಾರಗಟ್ಟಲೆ ಹಾಲು ಮೊಟ್ಟೆ ಮುಟ್ಟುತ್ತಿರಲಿಲ್ಲ. ಆದರೆ ಬೇರೆಯವರ ಮನೆಗೆ ಹೋದರೆ ಇಟ್ಟದ್ದನ್ನು ತಿನ್ನುತ್ತಿದ್ದಳು. ಉಪವಾಸ ಮುರಿದರೆ ದೇವರು ಕ್ಷಮಿಸುತ್ತಾನೆ, ಕರೆದ ಮನೆಯವರ ಮನಸ್ಸು ಮುರಿದರೆ ಕ್ಷಮಿಸುವುದಿಲ್ಲ ಅನ್ನುತ್ತಿದ್ದಳು. ಇದನ್ನು ನಿನ್ನ ಅತ್ತೆಗೆ ಹೇಳು."

ಹೇಳಿದೆ. "ಅವರ ಅಜ್ಜಿ ಮಾಡಿದ್ದು ಸರಿಯೇ. ನನ್ನ ಅಜ್ಜಿ ನನಗೆ ಹಾಗೆ ಕಲಿಸ್ಲಿಲ್ಲ, ಎಂತ ಮಾಡುದು?" ಎಂದು ಅತ್ತೆ ಎದ್ದರು. ಹೊರಟೇಬಿಟ್ಟರು ಎಂದುಕೊಂಡೆ. ಅವರು ಹೋದದ್ದು ಒಲೆಯ ಹತ್ತಿರಕ್ಕೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೂಪಿನ ಪಾತ್ರೆ ತಂದು, ಸೌಟು ಹಿಡಿದು, ಟೀಚರನ್ನು ಭುಜ ಒತ್ತಿ ತಾವು ಕೂತಿದ್ದ ಕುರ್ಚಿಯಲ್ಲೇ ಕೂರಿಸಿದರು. "ಬೆಳಿಗ್ಗೆಯಿಂದ ಬೇಯ್ಸಿದ್ದಾರೆ, ಇನ್ನು ಕೂತ್ಕೊಳ್ಲಿ. ನಾನು ಬಡಿಸ್ತೇನೆ."

ಅತ್ತೆ ಬಡಿಸಿದ್ದು ನಮ್ಮೂರಿನ ಪಂಕ್ತಿಯಲ್ಲಿ ಬಡಿಸುವ ಹಾಗೆ. ಒಬ್ಬರನ್ನೂ ಬಿಡದೆ, ಬಟ್ಟಲು ಖಾಲಿಯಾಗಲು ಬಿಡದೆ, ಸಾಕು ಎಂದು ಅಡ್ಡ ಹಿಡಿದ ಕೈಯ ಪಕ್ಕದಿಂದಲೇ ಇನ್ನೊಂದು ಸೌಟು ಹಾಕುತ್ತ ಬಡಿಸಿದರು. ಗಡ್ಡದ ಮುದುಕರಿಗೆ ಮೂರು ಸಲ ಬಿತ್ತು. ಟೀಚರ್ ಮೊದಲು ಬಿಗಿಯಾಗಿಯೇ ಕೂತಿದ್ದರು. ಅತ್ತೆ ಬಗ್ಗಿ ಅವರ ಕಡುಬಿನ ಮೇಲೆ ಕ್ರೀಮ್ ಹಾಕಿ ಕಣ್ಣಲ್ಲೇ ತಿನ್ನಿ ಎಂದಾಗ ಅವರ ಕಣ್ಣು ತುಂಬಿತು. ತಮ್ಮ ಮನೆಯಲ್ಲಿ ತಮಗೆ ಯಾರಾದರೂ ಬಡಿಸಿ ಎಷ್ಟೋ ಕಾಲವಾಯಿತು ಎಂದರು. ನಾನು ಅತ್ತೆಯ ಪಾಲೂ ಸೇರಿ ಹೊಟ್ಟೆ ಬಿರಿಯುವಷ್ಟು ತಿಂದೆ.

ಕೆಳಗೆ ಬಂದು ಬಾಗಿಲು ತೆರೆದದ್ದೇ ಅತ್ತೆ ನೇರ ಬಚ್ಚಲಿಗೆ ಹೋದರು. ಷವರಿನ ಸದ್ದು ಕೇಳಿಸಿತು. ಉಟ್ಟ ಸೀರೆಯನ್ನೂ ನೀರಿಗೆ ಹಾಕಿ, ತಲೆಗೂ ಮಿಂದು ಹೊರಗೆ ಬಂದಾಗ ನನಗೆ ತಡೆಯಲಾಗಲಿಲ್ಲ.

"ಅತ್ತೆ, ಮೀಯುವುದೇ ಆದ್ರೆ ಯಾಕೆ ಮುಟ್ಟಿ ಬಡಿಸಿದ್ದು? ಅವರಿಗೆ ಗೊತ್ತಾದ್ರೆ ಎಷ್ಟು ಬೇಸರ ಆದೀತು?"

"ಮಿಂದದ್ದು ನಾನು. ಅವರಿಗೇನು ಅದರಲ್ಲಿ?" ಅತ್ತೆ ಕೂದಲು ಒರೆಸಿಕೊಳ್ಳುತ್ತ ಹೇಳಿದರು. "ಮಿಂದ್ರಾಯ್ತು ಅಂತ ಇದ್ದದ್ದಕ್ಕೇ ಬಡಿಸ್ಲಿಕ್ಕೆ ಆದದ್ದು. ಇಲ್ಲದಿದ್ರೆ ದೂರ ಕೂತಿರ್ಬೇಕಿತ್ತು."

ಮಗಳು ತನ್ನ ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಎಕ್ಲಿಶ್" ಎಂದು ಹೇಳಿ ಬಾಗಿಲು ಹಾಕಿಕೊಂಡಳು. ಅಸಹ್ಯ ಎಂಬುದಕ್ಕೆ ಜರ್ಮನ್ ಪದ ಅದು. ಹೇಳಿದ್ದು ಅಜ್ಜಿಗೋ, ಸುಳ್ಳು ಹೇಳಿದ ನನಗೋ, ಇಂದಿಗೂ ಕೇಳಿಲ್ಲ.

ಆಮೇಲೆ ಅತ್ತೆಗೂ ಟೀಚರಿಗೂ ಸ್ನೇಹವೇ ಆಯಿತು. ಸಂಜೆ ಅಂಗಳದ ಬೆಂಚಿನಲ್ಲಿ ಒಬ್ಬರು ಕನ್ನಡದಲ್ಲಿ, ಒಬ್ಬರು ರಷ್ಯನ್‌ನಲ್ಲಿ ಮಾತಾಡುತ್ತ ಕೂರುತ್ತಿದ್ದರು. ಶಾಕವ್ರತ ಮುಗಿದ ಮೇಲೆ ಟೀಚರ್ ಊರಾಚೆಯ ತಮ್ಮ ಪುಟ್ಟ ತೋಟದ ಪ್ಲಮ್ ಹಣ್ಣು ತಂದುಕೊಟ್ಟಾಗ ಅತ್ತೆ ಅಲ್ಲೇ ಕೂತು ತಿಂದರು. ಬೇಯಿಸದ ಹಣ್ಣಿಗೆ ಯಾರ ಕೈಯದಾದರೂ ದೋಷವಿಲ್ಲ. ಟೀಚರ್ ನನ್ನ ಕಿಟಕಿಯ ಕಡೆ ನೋಡಿ ಗೆದ್ದವರಂತೆ ಕೈ ಬೀಸಿದರು. ಹಣ್ಣಿಗೂ ಅಡಿಗೆಗೂ ಇರುವ ವ್ಯತ್ಯಾಸ ನಾನು ವಿವರಿಸಲಿಲ್ಲ.

ಅತ್ತೆ ಊರಿಗೆ ಹೋಗಿ ಆರೇಳು ತಿಂಗಳಾಗಿರಬಹುದು. ಓದಿನ ಶನಿವಾರಗಳು ಹಾಗೇ ನಡೆಯುತ್ತಿವೆ. ಹೊಸಬರು ಯಾರು ಬಂದರೂ ಟೀಚರ್ ಆ ಸಂಜೆಯ ಕಥೆ ಹೇಳುತ್ತಾರೆ. ತಾನು ಉಪವಾಸವಿದ್ದೂ ಉಳಿದವರಿಗೆಲ್ಲ ಬಡಿಸಿದ ಇಂಡಿಯಾದ ಮುದುಕಿ ಈಗ ಅವರ ಸಿದ್ಧಾಂತದ ದೊಡ್ಡ ಉದಾಹರಣೆ. "ಊಟ ಬಿಡುವವರಲ್ಲೂ ಎದುರಿಗೆ ಕೂತವರನ್ನು ನೋಡುವವರಿದ್ದಾರೆ. ನಮ್ಮ ಕಾದಂಬರಿಗಳಲ್ಲಿ ಅಂಥವರನ್ನು ನಾನು ಹುಡುಕುತ್ತಲೇ ಇದ್ದೇನೆ" ಎಂದು ನನ್ನ ಬೆನ್ನು ತಟ್ಟುತ್ತಾರೆ. ಎಲ್ಲರೂ ನನ್ನನ್ನು ಮೆಚ್ಚಿ ನೋಡುತ್ತಾರೆ. ನನ್ನ ಕಿವಿಯಲ್ಲಿ ಷವರಿನ ಸದ್ದು. ಮುಖ ಎಲ್ಲಿಡಲಿ ಎಂದು ತೋಚದೆ ಬಟ್ಟಲಿಗೆ ಬಗ್ಗುತ್ತೇನೆ.

ಹೋದ ತಿಂಗಳು ಫೋನಿನಲ್ಲಿ ಅತ್ತೆಗೆ ಇದನ್ನೆಲ್ಲ ಹೇಳಿದೆ. ಮಿಂದದ್ದನ್ನೂ ಅವರಿಗೆ ಹೇಳಿಬಿಡಲೇ ಎಂದು ಕೇಳಿದೆ.

"ಹೇಳು, ನನಗೆಂತ?" ಎಂದರು ಅತ್ತೆ. "ನಾನು ಮುಚ್ಚಿಟ್ಟದ್ದು ಎಂತ ಉಂಟು? ಅವತ್ತು ಹೊಟ್ಟೆನೋವು ಅಂದದ್ದು ನೀನಲ್ವಾ?"

ನಾನು ಇನ್ನೂ ಹೇಳಿಲ್ಲ.