ಏಳನೆಯ ಪಾತಾಳದ ಟಾಚಣಿ

ಆಗ ನಿಪ್ಪಾಣಿಯ ನಮ್ಮ ಓಣಿ ಬೇಸಿಗೆ ರಜೆಯಿಡೀ ತಂಬಾಕಿನ ಘಾಟಿಗೆ ಸೀನುತ್ತಿತ್ತು. ಉಳಿದ ಮಕ್ಕಳು ಕತ್ತಲಾಗುವವರೆಗೆ ಚಿಣಿಪಣಿ ಆಡುತ್ತಿದ್ದರು. ನಾನೂ ಅಣ್ಣನೂ ಮಾತ್ರ ಐದಕ್ಕೆ ಸರಿಯಾಗಿ ಕೈಕಾಲು ತೊಳೆದು ಪಡಸಾಲೆಯ ಚಾಪೆಯ ಮೇಲೆ ಕೂತಿರಬೇಕು. ನನಗೆ ಹನ್ನೊಂದು, ಅಣ್ಣನಿಗೆ ಹದಿನಾಲ್ಕು. ಅವ್ವ ತೀರಿಕೊಂಡ ನಂತರದ ಮೊದಲ ಬೇಸಿಗೆ ಅದು. ಅಪ್ಪ ಮನೆಯನ್ನು ಗಡಿಯಾರದ ಮೇಲೆ ನಡೆಸಲು ಶುರುಮಾಡಿದ್ದರು. ಐದಕ್ಕೆ ಚುರುಮುರಿ, ಚಹಾ. ಐದೂಕಾಲಿಗೆ ಓದು. ಆರಕ್ಕೆ ದೇವರ ದೀಪ.

ಅಪ್ಪ ತಂಬಾಕು ತುಂಬಿಡುವ ವಖಾರಿಯಲ್ಲಿ ಲೆಕ್ಕ ಬರೆಯುವ ಕಾರಕೂನರು. ಪುಸ್ತಕ ಆರಿಸುವುದಕ್ಕೂ ಅವರಲ್ಲೊಂದು ಪದ್ಧತಿ ಇತ್ತು. ವಾಚನಾಲಯದಿಂದ ಮೂರು ಮಾಯಾ ಕಾದಂಬರಿ ತಂದು, ಮೂರರದೂ ಮೊದಲ ಪುಟ ಓದುವರು. ಆಮೇಲೆ ನಾವು ಕೈ ಎತ್ತಬೇಕು. ನನಗೆ ಹಾರುವ ಕುದುರೆಯದು ಬೇಕು, ಅಣ್ಣನಿಗೆ ರಕ್ಕಸರ ಯುದ್ಧದ್ದು.

"ಕುದರಿ ಕಥಿ ಸಣ್ಣ ಹುಡುಗೂರಿಗೆ ಬೇ," ಎಂದ ಅಣ್ಣ.

"ನಿನಗ ಮೀಸಿ ಬಂದಾವೇನು?"

ಇಬ್ಬರೂ ಒಪ್ಪದ್ದರಿಂದ ಅಪ್ಪ ಮೂರನೆಯದನ್ನೇ ಖಾಯಂ ಮಾಡಿದರು. ಹುಡುಗನೊಬ್ಬ ಮಾಂತ್ರಿಕನನ್ನು ಹುಡುಕುತ್ತ ಏಳು ಪಾತಾಳ ಇಳಿಯುವ ಕಥೆ.

ಆರಿಸಿದ ಮೇಲೆ ಅಪ್ಪ ಅದನ್ನು ಮೊದಲು ತಾವೊಬ್ಬರೇ ಓದುವರು. ನಮಗೆ ತಕ್ಕದ್ದಲ್ಲ ಎನಿಸಿದ ಪುಟಗಳನ್ನು, ವಖಾರಿಯ ಕಾಗದಗಳಂತೆ, ಸೇರಿಸಿ ಟಾಚಣಿ, ಅಂದರೆ ಗುಂಡುಸೂಜಿ, ಚುಚ್ಚಿಡುವರು.

ದಿನಕ್ಕೊಂದರಂತೆ ಆರು ಪಾತಾಳ ಮುಗಿದವು. ಏಳನೆಯ ದಿನ ಟಾಚಣಿ ಬಂತು. ಅಪ್ಪ ನಾಲ್ಕಾರು ಪುಟ ಒಟ್ಟಿಗೇ ಮಗುಚಿ, ಹುಡುಗ ಭೂಮಿಗೆ ಮರಳಿದ ಎಂದು ಓದಿದರು.

"ಏಳನೇದರಾಗ ಏನಿತ್ರಿ, ಅಪ್ಪಾ?" ಅಣ್ಣ ಕೇಳಿದ.

"ಏನೂ ಇರಲಿಲ್ಲ. ಖಾಲಿ ಇತ್ತು."

"ಖಾಲಿ ಇದ್ದರ ಟಾಚಣಿ ಯಾಕ್ರಿ?"

ಅಪ್ಪ ಗಡಿಯಾರ ನೋಡಿದರು. ಆರಾಗಲು ಇನ್ನೂ ಹತ್ತು ನಿಮಿಷ ಇತ್ತು. ಆದರೂ ಪುಸ್ತಕ ಮುಚ್ಚಿ ಎದ್ದರು. ಹಾಗೆ ಅವರು ಎಂದೂ ಮಾಡಿದವರಲ್ಲ.

ಮರುದಿನ ಅವರು ವಖಾರಿಗೆ ಹೋದದ್ದೇ ನಾವು ಟಾಚಣಿ ಕಿತ್ತೆವು. ನರಭಕ್ಷಕ ರಕ್ಕಸನೇ ಇರಬೇಕೆಂದು ನಾನು ಅಣ್ಣನ ಬೆನ್ನ ಹಿಂದೆ ನಿಂತು ಇಣುಕಿದೆ. ಅಲ್ಲಿ ರಕ್ಕಸ ಇರಲಿಲ್ಲ. ಬಾವಿಯ ಕಟ್ಟೆಯ ಮೇಲೆ ಹುಡುಗನ ಸತ್ತ ತಾಯಿ ಕೂತು ಜೋಳ ಹಸನು ಮಾಡುತ್ತಿದ್ದಳು. ಅವನನ್ನು ನೋಡಿ, ಯಾರಪ್ಪಾ ನೀನು ಎಂದು ಕೇಳಿದಳು. ಅವನು ಹೆಸರು ಹೇಳದೆ, ಅವಳ ಜೊತೆ ಕೂತು ಹರಳು ಆರಿಸಿಕೊಟ್ಟು ಬಂದುಬಿಟ್ಟ.

"ಇಷ್ಟ ಏನು?" ಎಂದ ಅಣ್ಣ. ನನಗೂ ಏನೂ ತಿಳಿಯಲಿಲ್ಲ. ಇದರಲ್ಲಿ ಮುಚ್ಚಿಡುವಂಥದ್ದು ಏನಿತ್ತು?

ಅವನು ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದ. ಅಂಚಿನಲ್ಲಿ ಒಂದಲ್ಲ, ಎಂಟು ತೂತು.

"ಅಪ್ಪಗ ಟಾಚಣಿ ಚುಚ್ಚಾಕ ಬರೂದಿಲ್ಲ ನೋಡ ಬೇ."

ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ದಿನವಿಡೀ ಕಾಗದಕ್ಕೆ ಟಾಚಣಿ ಹಾಕುವುದೇ ಅವರ ಕೆಲಸ ಎಂಬುದು ನಗು ನಿಂತ ಮೇಲೆ ನೆನಪಾಯಿತು. ಹಾಗಾದರೆ ತೆಗೆದು ತೆಗೆದು ಯಾಕೆ ಹಾಕಿದರು? ಗೊತ್ತಾಗದೆ, ಹಳೆಯ ತೂತಿಗೇ ಟಾಚಣಿ ಸೇರಿಸಿ ಇಟ್ಟುಬಿಟ್ಟೆವು. ಮುಂದೆ ಆ ಮಾತನ್ನು ಇಬ್ಬರೂ ಎತ್ತಲಿಲ್ಲ.

ಈಗ ನಾನು ಚಿಕ್ಕೋಡಿಯಲ್ಲಿದ್ದೇನೆ. ರಜೆಗೆ ಮೊಮ್ಮಕ್ಕಳು ಬಂದಿದ್ದಾರೆ. ಮೊಮ್ಮಗಳಿಗೆ ಹನ್ನೆರಡು, ಮೊಮ್ಮಗನಿಗೆ ಹದಿನೈದು. ಮೂರು ಪುಸ್ತಕ, ಮೊದಲ ಪುಟ, ಕೈ ಎತ್ತುವುದು, ಐದೂಕಾಲು, ಯಾವುದನ್ನೂ ನಾನು ಬದಲಿಸಿಲ್ಲ. ಈ ಸಲ ಅವರು ಆರಿಸಿದ ಕಾದಂಬರಿಯಲ್ಲಿ ತಂಗಿಯನ್ನು ದಡ ಮುಟ್ಟಿಸಿದ ಅಣ್ಣನೊಬ್ಬ ಹೊಳೆಯ ನಡುವೆ ಕಲ್ಲಾಗಿ ಉಳಿಯುತ್ತಾನೆ. ಅದನ್ನು ಕೇಳಿ ಹೆದರುವ ಮಕ್ಕಳಲ್ಲ ಇವರು. ನನ್ನ ಅಣ್ಣ ತೀರಿಹೋದದ್ದು ಕಳೆದ ದೀಪಾವಳಿಗೆ ಮುಂಚೆ.

ಅವನು ಕಲ್ಲಾಗುವ ಪುಟಗಳಿಗೆ ಟಾಚಣಿ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಏಳನೆಯ ಪಾತಾಳದ ಪುಟಗಳನ್ನು ನಮಗಾಗಿ ಮುಚ್ಚಿದಿರೋ, ನಿಮಗಾಗಿಯೋ ಎಂದು ಅಪ್ಪನನ್ನು ಈಗ ಕೇಳಬೇಕು ಅನಿಸುತ್ತದೆ. ಆ ಎಂಟು ತೂತು ಕಂಡವರಲ್ಲಿ ಉಳಿದವಳು ನಾನೊಬ್ಬಳೇ.

ನಿನ್ನೆ ಮೊಮ್ಮಗಳು ಪುಸ್ತಕ ತಿರುವುತ್ತ, "ಆಯೀ, ಇಲ್ಲಿ ಇಷ್ಟ್ಯಾಕ ತೂತ ಬಿದ್ದಾವ?" ಎಂದಳು.

"ಹುಳ ತಿಂದಾವ," ಎಂದೆ.

ಅವಳು ಪುಟವನ್ನು ಬೆಳಕಿಗೆ ಹಿಡಿದಳು.