ಶಾಸಕರಿಗೆ ಊದಿಸದ ದಿನ

ಪೀಣ್ಯದ ಒಂದು ಶೀಟ್ ಮೆಟಲ್ ಕಾರ್ಖಾನೆಯಲ್ಲಿ ಗೇಟಿನ ಉಸ್ತುವಾರಿ ನನ್ನದು. ಒಳಗೆ ಬರುವವರೆಲ್ಲ ನನ್ನ ಕೈಯಲ್ಲಿರುವ, ಕುಡಿದವರನ್ನು ಹಿಡಿಯುವ ಯಂತ್ರಕ್ಕೆ ಊದಿಯೇ ಬರಬೇಕು. ಮಾಲೀಕರೂ ಊದುತ್ತಾರೆ. ಇದರಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು. ಬೀಗರ ಊಟದ ಮರುದಿನ ಬೆಳಿಗ್ಗೆ ವಾಸನೆ ಹೊತ್ತು ಕೆಲಸಕ್ಕೆ ಬಂದ ಸ್ವಂತ ಭಾವಮೈದುನನನ್ನೇ ವಾಪಸ್ ಅಟ್ಟಿದ್ದೆ. ಹೆಂಡತಿ ನಾಲ್ಕು ದಿನ ಮಾತು ಬಿಟ್ಟಳು. ಬಿಡಲಿ ಅಂದುಕೊಂಡೆ. ತಗಡು ಒತ್ತುವ ಪ್ರೆಸ್ ಮೆಷಿನ್ ಮುಂದೆ ಅರೆಕ್ಷಣ ಮೈಮರೆತರೂ ಬೆರಳು ಹೋಗುತ್ತದೆ; ಹಾಗೆ ಕಳೆದುಕೊಂಡವರನ್ನು ಕಣ್ಣಾರೆ ನೋಡಿದ್ದೇನೆ.

ಕಳೆದ ವರ್ಷ ಹೊಸ ಪ್ರೆಸ್ ಬಂತು. ಹೊಸ ಗಾಡಿಯ ಚಕ್ರಕ್ಕೆ ನಿಂಬೆಹಣ್ಣು ಇಡುವ ಹಾಗೆ ನಮ್ಮಲ್ಲಿ ಹೊಸ ಪ್ರೆಸ್ಸಿನ ಅಡಿಗೂ ಒಂದು ಇಡುತ್ತಾರೆ. ಅತಿಥಿ ಪೆಡಲ್ ತುಳಿದಾಗ ಪ್ರೆಸ್ ಕೆಳಗಿಳಿದು ಹಣ್ಣು ಅಪ್ಪಚ್ಚಿಯಾದರೆ ಪೂಜೆ ಮುಗಿದಂತೆ. ಅವತ್ತಿನ ಅತಿಥಿ ಒಬ್ಬ ಶಾಸಕರು.

ಸಂಜೆ ಐದಕ್ಕೆ ಕಾರು ಬಂತು. ಶಾಸಕರು ಗೇಟಿನಲ್ಲೇ ಇಳಿದು ನಗುತ್ತಾ ನನ್ನ ಕೈ ಕುಲುಕಿದರು. ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಯಂತ್ರ ನನ್ನ ಎಡಗೈಯಲ್ಲೇ ಇತ್ತು. "ಸಾರ್, ಒಂದ್ಸಲ ಊದ್ಬಿಡಿ" ಎನ್ನಲು ಅದನ್ನು ಎತ್ತಿದೆ. ಪಕ್ಕದಲ್ಲಿದ್ದ ಮಾಲೀಕರು ಕಣ್ಣಲ್ಲೇ ಬೇಡ ಅಂದರು. ಯಂತ್ರವನ್ನು ಜೇಬಿಗೆ ಹಾಕಿಕೊಂಡೆ.

ಅವರು ಒಳಗೆ ಹೋದ ಮೇಲೆ ಕಾರಿನ ಡ್ರೈವರನ್ನು ಕೇಳಿದೆ, "ಯಾವ್ದಾದ್ರೂ ಮದ್ವೆಯಿಂದ ಬಂದ್ರಾ?"

"ಎಲ್ಲಿ ಮದ್ವೆ ಗುರು, ಅಧಿವೇಶನದಿಂದ ನೇರ ಬಂದ್ವಿ. ಊಟದ ಟೈಮಲ್ಲಿ ಎರಡು ಪೆಗ್ ಹಾಕ್ಕೊಂಡು ಮತ್ತೆ ಒಳಗೋಗಿ ಕೂತಿದ್ರು. ದಿನಾ ಇದ್ದಿದ್ದೇ. ಅಲ್ಲೇನ್ ನಿನ್ ತರ ಊದ್ಸಕ್ಕೆ ಯಾರಾದ್ರೂ ನಿಂತಿರ್ತಾರಾ?"

ಅವನು ನಕ್ಕ. ಕುಡಿಯುವವರನ್ನು ನಾನು ನೋಡಿಲ್ಲವೇ? ನಮ್ಮೂರು ಮಾಕಳಿಯಲ್ಲೇ ಬೇಕಾದಷ್ಟು ಜನರಿದ್ದಾರೆ. ಆದರೆ ಕೆಲಸದ ನಡುವೆ ಕುಡಿದು, ಹೋಗಿ ಕೂತು, ಇಡೀ ರಾಜ್ಯದ ಕಾನೂನಿಗೆ ಒಪ್ಪಿಗೆ ಎಂದು ಕೈ ಎತ್ತುವುದು? ತಗಡು ಬಗ್ಗಿಸುವವನ ತಲೆ ನೆಟ್ಟಗಿರಬೇಕು, ಕಾನೂನು ಮಾಡುವವನದು ಹೇಗಿದ್ದರೂ ನಡೆಯುತ್ತದೆಯೇ? ಇಷ್ಟು ವರ್ಷ ಇದು ನನಗೆ ಹೊಳೆದೇ ಇರಲಿಲ್ಲವಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

ಒಳಗೆ ಮೈಕಿನಲ್ಲಿ ಶಾಸಕರ ದನಿ ಕೇಳುತ್ತಿತ್ತು. "ಕಾರ್ಮಿಕರ ಸುರಕ್ಷತೆ ಬಗ್ಗೆ ಇವತ್ತೇ ಸದನದಲ್ಲಿ ಮಾತಾಡಿ ಬಂದಿದೀನಿ!" ಚಪ್ಪಾಳೆ ಬಿತ್ತು. ನಾನೂ ಓಡಿಹೋಗಿ ಬಾಗಿಲಲ್ಲಿ ನಿಂತೆ.

ಪ್ರೆಸ್ಸಿನ ಆಪರೇಟರ್ ಯಾದಗಿರಿ ಕಡೆಯವನು, ಎರಡು ಮಕ್ಕಳ ತಂದೆ. ಅವನು ಇಟ್ಟ ನಿಂಬೆಹಣ್ಣು ಉರುಳಿಹೋಯಿತು. ಸರಿಪಡಿಸಲು ಮತ್ತೆ ಕೈ ಹಾಕಿದ. ಶಾಸಕರು ಪೆಡಲ್ ತುಳಿದೇಬಿಟ್ಟರು.

ಧಡ್ ಎಂದು ಸದ್ದಾಯಿತು. ಆಪರೇಟರ್ ಕೈ ಎಳೆದುಕೊಂಡಿದ್ದ. ಕೈಗವಸಿನ ಎರಡು ಬೆರಳುಗಳ ತುದಿ ಮಾತ್ರ ಹಣ್ಣಿನ ಜೊತೆ ಅಲ್ಲೇ ಚಪ್ಪಟೆಯಾಗಿ ಬಿದ್ದಿತ್ತು. ಅವನ ಅಳತೆಯದು ಸಿಗದೆ ದೊಡ್ಡದನ್ನು ಕೊಟ್ಟಿದ್ದರು, ಅದರಿಂದ ಬೆರಳು ಉಳಿಯಿತು.

"ಹಣ್ಣು ಒಡೀತಲ್ಲ, ಆಯ್ತು ಬಿಡ್ರೀ!" ಎಂದು ಶಾಸಕರು ನಕ್ಕರು. ಹಿಂಬಾಲಕರೂ ನಕ್ಕರು. ಯಾರೋ ಶಾಸಕರಿಗೆ ಶಾಲು ತಂದು ಹೊದಿಸಿದರು. ನಾನು ಗೇಟಿಗೆ ಹೋಗಿ ಅವರ ಕಾರಿಗೆ ದಾರಿ ಬಿಡಿಸಿದೆ.

ಕಾರು ಹೊರಟ ಮೇಲೆ ನೀರಿನ ಬಾಟಲಿ ಹಿಡಿದು ಆಪರೇಟರ್ ಹತ್ತಿರ ಹೋದೆ. ಗೋಡೆಗೆ ಒರಗಿ ಕೂತು ತನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸುತ್ತಿದ್ದ.

"ಅಣ್ಣಾರ, ಸಾಹೇಬ್ರು ಕುಡದಿದ್ರೇನ್ರೀ?"

ಹೌದೆಂದು ತಲೆಯಾಡಿಸಿದೆ. ಬಯ್ಯುತ್ತಾನೆ ಅಂದುಕೊಂಡೆ. ಅವನು ಬಯ್ಯಲಿಲ್ಲ.

"ಗೇಟ್‌ನ್ಯಾಗ ನೀವ್ ಒಳಗ ಬಿಟ್ಟೀರಿ ಅಂದ್ಮ್ಯಾಲೆ ಕುಡದಿರಂಗಿಲ್ಲ ಅಂತ ತಿಳಕೊಂಡೇ ನಾ ಕೈ ಹಾಕಿದ್ನಿರೀ" ಅಂದ.